ಬಸಳೆ ರಸದ ಪಟ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಿಂದ ಬಜಾರಿಗೆ ಹೋಗುವ ರಸ್ತೆಯಲ್ಲಿ ಗೋಪಿನಾಥನ ಫೋಟೋ ಸ್ಟುಡಿಯೋ. ಕೆಳಗೆ ಸ್ಟುಡಿಯೋ, ಮೇಲೆ ಮನೆ, ಅದರ ಮೇಲೆ ತಾರಸಿ. ಮದುವೆಯಾಗಿ ಬಂದಾಗಿನಿಂದ ಅವನ ಹೆಂಡತಿ ಶ್ರೀದೇವಿ ಸ್ಟುಡಿಯೋದಲ್ಲಿ ಗಂಡನಿಗೆ ಸರಿಸಮನಾಗಿ ನಿಂತು ಕೆಲಸ ಮಾಡಿದವಳು. ಪಾಸ್‌ಪೋರ್ಟ್ ಫೋಟೋಗೆ ಬಂದವರ ಕಾಲರ್ ಸರಿಮಾಡುವುದು, ಅಳುವ ಮಕ್ಕಳ ಮುಂದೆ ಗಿಲಕಿ ಆಡಿಸುವುದು, ಮದುವೆ ಆಲ್ಬಮ್ಮಿಗೆ ಪಟ ಆರಿಸುವುದು ಎಲ್ಲ ಅವಳದೇ. ಕೋಲಾರದ ಆಸ್ಪತ್ರೆಗೆ ಹೆರಿಗೆಗೆಂದು ಹೋಗಿ ಬರಿಗೈಯಲ್ಲಿ ಬಂದ ಮೇಲೆ ಅವಳು ಸ್ಟುಡಿಯೋಗೆ ಇಳಿಯುವುದನ್ನೇ ಬಿಟ್ಟಳು. ಸ್ಟುಡಿಯೋಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕಂಕುಳಲ್ಲಿ ಕೂಸಿಟ್ಟುಕೊಂಡೇ ಬರುತ್ತಾರೆ. ಅವರ ಮುಂದೆ ಗಿಲಕಿ ಆಡಿಸುವುದು ಅವಳಿಂದ ಆಗಲಿಲ್ಲ.

ಅದಾಗಿ ನಾಲ್ಕು ವರ್ಷ. ತಿಂಗಳು ತುಂಬುವ ಮೊದಲೇ ರಕ್ತ ಹೋಗಿ, ಅವಳಿಗೆ ಎಚ್ಚರವಿಲ್ಲದಂತೆ ಮಾಡಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು. ಅವಳು ಪೂರ್ತಿ ಕಣ್ಣು ಬಿಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೆಣ್ಣು ಮಗು, ಉಳಿಯಲಿಲ್ಲ ಎಂದರು. ಅಷ್ಟೇ. ಅತ್ತೆ ಪಿಳ್ಳಮ್ಮ ಹೊಲಿದಿಟ್ಟಿದ್ದ ಕುಲಾವಿ, ಕೌದಿ ಎಲ್ಲ ಮನೆಯಲ್ಲಿ ಕಾಣದಂತಾದವು. ಆ ಮಾತು ಎತ್ತದಿದ್ದರೆ ಅವಳು ಬೇಗ ಮರೆಯುತ್ತಾಳೆ ಎಂದು ಮನೆಯವರೆಲ್ಲ ಒಂದೇ ಮನಸ್ಸಿನಿಂದ ನಂಬಿದ್ದರು. ಮಾವ ಬಚ್ಚಪ್ಪ ಸಾಯುವವರೆಗೂ ಅವಳ ಮುಖವನ್ನು ನೇರವಾಗಿ ನೋಡಿ ಮಾತಾಡಲಿಲ್ಲ. ಶ್ರೀದೇವಿಯೂ ಕೇಳಲಿಲ್ಲ. ಕೇಳಿದರೆ ಯಾರಿಗೋ ನೋವಾಗುತ್ತದೆ ಎಂದು ಅವಳೂ ಅಂದುಕೊಂಡಿದ್ದಳು.

ಕಳೆದ ಬೇಸಿಗೆಯ ಮೊದಲಲ್ಲಿ ಕೆಜಿಎಫ್‌ನ ಒಂದು ಶಾಲೆಯಲ್ಲಿ ಗುಂಪು ಫೋಟೋ ತೆಗೆಯುವ ಕೆಲಸ ಬಂತು. ಗೋಪಿನಾಥ್ ಒಬ್ಬನೇ ಎಲ್ಲವನ್ನೂ ಹೊತ್ತುಕೊಂಡು ಹೋಗಲಾರದೆ, 'ಮಕ್ಕಳು ದೊಡ್ಡವರೇ, ಹೈಸ್ಕೂಲಿನವರು, ಬಾ' ಎಂದು ಅವಳನ್ನು ಕರೆದುಕೊಂಡು ಹೋದ. ಅಲ್ಲಿ ಚಿತ್ರಕಲೆಯ ಮೇಡಂ ಅರುಣಕುಮಾರಿ ಮಕ್ಕಳಿಂದ ಬೀಟ್‌ರೂಟ್ ಅರೆಸುತ್ತಿದ್ದರು. ರಸವನ್ನು ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಎಲೆಯೋ ಹೂವೋ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಟ್ಟರೆ, ಬಿಸಿಲು ಬಿದ್ದ ಕಡೆ ಬಣ್ಣ ಹಾರಿಹೋಗಿ ಎಲೆ ಮುಚ್ಚಿದ ಕಡೆ ಹಾಗೇ ಉಳಿಯುತ್ತದೆ. ಕ್ಯಾಮೆರಾ ಬೇಡ, ಫೋಟೋ ತೊಳೆಯುವ ಔಷಧಿ ಬೇಡ. ಹಳೇ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆ ಮುಖಮಾಡಿದ ಜಗಲಿಯ ಉದ್ದಕ್ಕೂ ಅಂಥ ಗಾಜುಗಳನ್ನು ಸಾಲಾಗಿ ಒರಗಿಸಿದ್ದರು. ಶ್ರೀದೇವಿ ಫೋಟೋದ ಲೈಟ್ ಹಿಡಿಯುವುದನ್ನು ಮರೆತು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

"ನಿಮ್ಮನೇಲಿ ತಾರಸಿ ಇದೆಯಾ?" ಎಂದು ಮೇಡಂ ಕೇಳಿದರು.

"ಇದೆ. ಬಸಳೆ ಬಳ್ಳೀನೂ ಇದೆ."

"ಅಯ್ಯೋ, ಹಾಗಿದ್ರೆ ಇನ್ನೇನು ಬೇಕು! ಬಸಳೆ ಹಣ್ಣಿನಷ್ಟು ಚೆನ್ನಾಗಿ ಯಾವುದೂ ಬರಲ್ಲ. ಆದರೆ ಒಂದು ತಿಳ್ಕೊಳ್ಳಿ, ಇದು ಫೋಟೋ ತರ ಗಟ್ಟಿ ನಿಲ್ಲಲ್ಲ. ಯಾವ ಬಿಸಿಲು ಚಿತ್ರ ಬರೀತದೋ ಅದೇ ಬಿಸಿಲು ಅಳಿಸ್ತದೆ. ಮಾಡಿದ ಮೇಲೆ ಬೆಳಕು ತಗಲದಂಗೆ ಇಟ್ಕೋಬೇಕು."

ಮನೆಗೆ ಬಂದವಳೇ ಮಾರನೆಯ ದಿನ ಬಸಳೆಯ ಕಪ್ಪು ಹಣ್ಣುಗಳನ್ನೆಲ್ಲ ಕಿತ್ತು ಹಿಂಡಿದಳು. ಹಳೇ ಕಾಲದಲ್ಲಿ ಫಿಲ್ಮ್ ತೊಳೆಯುತ್ತಿದ್ದ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಈಗ ಖಾಲಿ ಸಿಲಿಂಡರ್, ಮುರಿದ ಕುರ್ಚಿ ತುಂಬಿದ್ದವು. ಅದನ್ನು ಅವಳೇ ಗುಡಿಸಿ ಹಸನು ಮಾಡಿ, ರಸ ಬಳಿದ ಕಾಗದಗಳನ್ನು ಅಲ್ಲಿ ಒಣಹಾಕಿದಳು. ನಾಲ್ಕು ವರ್ಷದ ಮೇಲೆ ಹೆಂಡತಿ ತಾನಾಗಿಯೇ ಮೆಟ್ಟಿಲಿಳಿದು ಕೆಳಗೆ ಬಂದದ್ದನ್ನು ಗೋಪಿನಾಥ್ ನೋಡಿದ. ಹಳೆಯ ಫ್ರೇಮುಗಳ ಗಾಜನ್ನು ಒರೆಸಿ, ಕ್ಲಿಪ್ಪು ಸಮೇತ ಬಾಗಿಲ ಬಳಿ ಇಟ್ಟ.

ಪಿಳ್ಳಮ್ಮ ಮಾತ್ರ ಗೊಣಗಿದಳು. "ಸಾರಿಗೆ ಹಾಕೋ ಬಸಳೇನೆಲ್ಲ ಕಾಗ್ದಕ್ಕೆ ಬಳಿದು ಒಣಗಾಕಿದ್ರೆ ಹೊಟ್ಟೆ ತುಂಬ್ತದಾ? ಕೈ ನೋಡು, ಕುರಿ ಕುಯ್ದೋಳ ಕೈ ಇದ್ದಂಗದೆ."

ಹಾಗೆ ಗೊಣಗುತ್ತಲೇ ಕೆಂಪು ದಂಟಿನ ಸೊಪ್ಪು ತಂದವಳೂ, ಇದರಲ್ಲೂ ಬಣ್ಣ ಬರುತ್ತದೇನೋ ನೋಡು ಎಂದವಳೂ ಅವಳೇ. ಹುಣಸೆ ಚಿಗುರು, ನುಗ್ಗೆ ಎಲೆ, ರಾಗಿ ತೆನೆ ಎಲ್ಲ ಒಂದೊಂದಾಗಿ ಕಾಗದದ ಮೇಲೆ ಬಂದವು. ಆಮೇಲೆ ಶ್ರೀದೇವಿಗೆ ಮನುಷ್ಯರ ಮುಖ ಮಾಡುವ ಆಸೆ ಹುಟ್ಟಿತು. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಫೋಟೋ ಪ್ರಿಂಟ್ ತೆಗೆದು ಎಲೆಯ ಬದಲು ಅದನ್ನಿಟ್ಟರಾಯಿತು ಎಂದು ಅರುಣಕುಮಾರಿ ಫೋನಿನಲ್ಲಿ ಹೇಳಿದ್ದರು. ಅವಳು ಗಂಡನಿಗೆ ಹೇಳಿದಳು, ತನ್ನ ಅಜ್ಜಿಯದೊಂದು, ಅತ್ತೆ ಮಾವ ಜೊತೆಗೆ ನಿಂತದ್ದೊಂದು ಹಾಳೆ ತೆಗೆದುಕೊಡಿ ಎಂದು.

ಸಂಜೆ ಅವನು ಹಾಳೆಗಳನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನಿಲ್ಲದೆ ಮೆಟ್ಟಿಲ ಕಡೆ ಹೋದ. ಅವಳು ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿದಳು. ಅಜ್ಜಿ. ಅತ್ತೆ ಮಾವ. ಅವುಗಳ ಕೆಳಗೆ ತಾನು ಕೇಳದ ಇನ್ನೊಂದು ಹಾಳೆ ಇತ್ತು. ಆಸ್ಪತ್ರೆಯ ಟವೆಲಿನಲ್ಲಿ ಸುತ್ತಿದ ಒಂದು ಎಳೆಗೂಸು. ಕಣ್ಣು ಮುಚ್ಚಿದೆ. ಒಂದು ಕೈ ಟವೆಲಿನಿಂದ ಹೊರಗೆ ಬಂದಿದೆ.

ಯಾರದೆಂದು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಕಟ್ಟೆಯನ್ನು ಹಿಡಿದುಕೊಂಡು ನೆಲಕ್ಕೆ ಕೂತಳು. ಆಮೇಲೆ ಎದ್ದು ಮೆಟ್ಟಿಲಿಗೆ ಬಂದರೆ, ಗೋಪಿನಾಥ್ ಕೆಳಗೆ ಹೋಗಿರಲೇ ಇಲ್ಲ. ನಡುಮೆಟ್ಟಿಲಲ್ಲಿ ಗೋಡೆಗೆ ಆತುಕೊಂಡು ನಿಂತಿದ್ದ.

"ಯಾವಾಗ ತೆಗೆದಿದ್ದು?"

"ಅವತ್ತೇ. ಜೀವ ಇದ್ದಾಗ. ಎಲ್ರೂ ಬೇಡ ಅಂದ್ರು. ಅಂಥ ಮಗೂದು ಪಟ ಮನೇಲಿಡಬಾರ್ದು ಅಂದ್ರು. ನಾನು ತೆಗೆದೆ."

"ನಾಲ್ಕು ವರ್ಷ ಇಟ್ಕೊಂಡಿದ್ರಿ."

"ನೀನು ತಡ್ಕೊಳಲ್ಲ ಅಂತ ಅನ್ಕೊಂಡೆ, ದೇವಿ."

"ನೀವು ನೋಡ್ತಿದ್ರಾ?"

ಅವನು ತಲೆ ತಗ್ಗಿಸಿದ. "ದಿನಾ. ಅಂಗಡಿ ಮುಚ್ಚೋವಾಗ. ಕಂಪ್ಯೂಟರಲ್ಲಿ."

ಸಿಟ್ಟಿನಿಂದ ಅವಳು ಎರಡು ಮೆಟ್ಟಿಲು ಇಳಿದಳು. "ನಾನು ಹೊತ್ತೋಳು. ನನಗೆ ಮುಖ ಕೂಡ ಗೊತ್ತಿರಲಿಲ್ಲ. ದಾರೀಲಿ ಯಾವ ಮಗು ನೋಡಿದ್ರೂ ಇಂಗಿತ್ತೇನೋ, ಅಂಗಿತ್ತೇನೋ ಅಂತ ನಾನು ಸಾಯ್ತಿದ್ದೆ. ನೀವು ದಿನಾ ನೋಡ್ಕೊಂಡು ಮೇಲೆ ಬಂದು ಊಟ ಮಾಡ್ತಿದ್ರಿ!"

ಗೋಪಿನಾಥ್ ಕೆಳಗೆ ಸ್ಟುಡಿಯೋ ಕಡೆ ಕೈ ತೋರಿಸಿದ. ಬಾ, ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೋರಿಸುತ್ತೇನೆ, ಬಣ್ಣದ್ದು ಇದೆ ಎಂದ. ಅವಳು ಒಲ್ಲೆ ಎಂದಳು. ಅದರಲ್ಲಿ ತುಂಬಿದ್ದ ಊರಿನವರ ಮುಖಗಳ ನಡುವೆ ತನ್ನ ಮಗಳನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ. "ನಾನೇ ಮಾಡ್ತೀನಿ," ಎಂದು ಹಾಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ಕೆಲವು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಅವಳು ಹೊಸ ಹಣ್ಣು ಕಪ್ಪಾಗುವುದನ್ನು ಕಾದು, ಹಿಂಡಿ, ತೆಳು ಬಟ್ಟೆಯಲ್ಲಿ ಸೋಸಿ, ಒಳ್ಳೆಯ ಕಾಗದ ಆರಿಸಿ ಎರಡು ಸಲ ಬಳಿದಳು. ಮೊದಲ ಸಲ ಪಟ ಬರಲಿಲ್ಲ. ಸಂಜೆ ದಿಢೀರನೆ ಬಿದ್ದ ಮಳೆಗೆ ಗಾಜಿನೊಳಗೆ ನೀರು ಹೋಗಿ ರಸವೆಲ್ಲ ಕದಡಿ ಟವೆಲಿನ ಅಂಚಷ್ಟೇ ಉಳಿಯಿತು. ಅವಳು ಅಡುಗೆಮನೆಯಲ್ಲಿ ಕೂತು ಅತ್ತದ್ದು ಕೆಳಗಿನವರೆಗೂ ಕೇಳಿಸಿತು. ಎರಡನೆಯ ಸಲ ಮುಖವೆಲ್ಲ ಬೆಳ್ಳಗಾಗಿ ಕಣ್ಣು ಮೂಗು ಒಂದೂ ಕಾಣಲಿಲ್ಲ.

ಆಗ ಗೋಪಿನಾಥ್ ಮೇಲೆ ಬಂದ. "ಹಾಳೇಲಿ ಮುಖ ತೆಳುವಾಗಿದೆ. ಅದಕ್ಕೇ ಬಿಸಿಲು ಪೂರ್ತಿ ತಿಂದುಬಿಡ್ತಿದೆ. ನಾನು ಮುಖದ ಕಡೆ ಸ್ವಲ್ಪ ಗಾಢ ಮಾಡಿ ಬೇರೆ ತೆಗೆದುಕೊಡ್ತೀನಿ," ಎಂದ. ಅವಳು ಹಾಳೆಯನ್ನು ಅವನ ಕಡೆ ಸರಿಸಿದಳು. ಅವನು ಹೊಸ ಹಾಳೆ ತಂದ. ಅದನ್ನು ಕಾಗದದ ಮೇಲಿಟ್ಟು, ಅಲುಗಾಡದಂತೆ ಅವನು ಹಿಡಿದ. ಅವಳು ಗಾಜು ಮುಚ್ಚಿ ಕ್ಲಿಪ್ಪು ಹಾಕಿದಳು.

ಬೆಳಗಿನ ಬಿಸಿಲು ತಾರಸಿಗೆ ಬರುತ್ತಿದ್ದಂತೆ ಅವಳು ಫ್ರೇಮನ್ನು ಹೊರಗೆ ತರುತ್ತಿದ್ದಳು. ಬಿಸಿಲು ಏರಿ ಗಾರೆ ಕಾಯತೊಡಗಿದ ಕೂಡಲೇ ಎತ್ತಿ ಒಳಗಿಡುತ್ತಿದ್ದಳು.

"ನಡುಮಧ್ಯಾಹ್ನದ ಬಿಸಿಲಿಗೇ ಬೇಗ ಬರೋದು," ಎಂದ ಗೋಪಿನಾಥ್. "ಹಿಂಗಾದ್ರೆ ಎಷ್ಟು ದಿನ ಹಿಡೀತದೋ."

"ಹಿಡೀಲಿ. ಎಳೇ ಕೂಸಿಗೆ ಅಷ್ಟು ಬಿಸಿಲು ಬೇಡ."

ಅವನು ಅವಳ ಮುಖ ನೋಡಿದ. ಮರುದಿನದಿಂದ ಬೆಳಗಿನ ಗಿರಾಕಿಗಳನ್ನು ಕಾಯಿಸಿ, ಅವನೂ ತಾರಸಿಗೆ ಬಂದು ಫ್ರೇಮಿನ ಆ ಪಕ್ಕ ಕೂರತೊಡಗಿದ. ಕೆಳಗೆ ಬೆಂಗಳೂರಿನ ರೈಲು ಹಿಡಿಯಲು ಜನ ಓಡುತ್ತಿದ್ದರು. ಕಾಗೆ ಬಂದರೆ ಅವನು ಓಡಿಸುತ್ತಿದ್ದ.

ಒಂದು ದಿನ ಅವಳು ಕತ್ತಲೆ ಕೋಣೆಯಲ್ಲಿ ಕ್ಲಿಪ್ಪು ಬಿಚ್ಚಿ ಹಾಳೆಯನ್ನು ಮೆಲ್ಲಗೆ ಎತ್ತಿದಾಗ ಮಗು ಬಂದಿತ್ತು. ನೇರಳೆ ಬಣ್ಣದಲ್ಲಿ, ಹಣೆಯ ಮೇಲೆ ಹಚ್ಚಿದಂತೆ ಬಿದ್ದ ಕೂದಲು, ಚಪ್ಪಟೆ ಮೂಗು, ಏನೋ ಕೇಳಿಸಿಕೊಳ್ಳುವಂತೆ ಗಂಟಿಕ್ಕಿದ ಹುಬ್ಬು. ಶ್ರೀದೇವಿ ಮುಟ್ಟಲು ಹೋಗಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಗೋಪಿನಾಥ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಹೊರಗಿನ ಬೆಳಕು ಬರದಂತೆ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನ ಭುಜ ಅಲುಗುತ್ತಿದ್ದುದನ್ನು ಕಂಡು ಅವಳು ಹತ್ತಿರ ಹೋಗಿ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಮಗು ಹೋದ ಮೇಲೆ ಅವರಿಬ್ಬರು ಒಟ್ಟಿಗೆ ಅತ್ತದ್ದು ಅದೇ ಮೊದಲು.

ಪಿಳ್ಳಮ್ಮನಿಗೆ ತೋರಿಸಬೇಕೋ ಬೇಡವೋ ಎಂದು ಇಬ್ಬರಿಗೂ ಅಳುಕಿತ್ತು. ಪಟ ಇಡಬಾರದು ಎಂದವರಲ್ಲಿ ಅವಳೂ ಒಬ್ಬಳು. ಆದರೆ ಮುಚ್ಚಿಡುವುದು ಸಾಕಾಗಿತ್ತು ಶ್ರೀದೇವಿಗೆ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿ, ಮಬ್ಬು ಬೆಳಕಿನಲ್ಲಿ ಪಟವನ್ನು ತಂದು ಅತ್ತೆಯ ತೊಡೆಯ ಮೇಲಿಟ್ಟಳು.

ಪಿಳ್ಳಮ್ಮ ಎಲೆಯಡಿಕೆಯ ಚೀಲವನ್ನು ಪಕ್ಕಕ್ಕಿಟ್ಟಳು. ಬಹಳ ಹೊತ್ತು ಬಗ್ಗಿ ನೋಡಿದಳು. ಬೈಯುತ್ತಾಳೆ ಎಂದು ಶ್ರೀದೇವಿಯೂ ಬಾಗಿಲಲ್ಲಿ ನಿಂತಿದ್ದ ಗೋಪಿನಾಥನೂ ಕಾಯುತ್ತಿದ್ದರು.

"ಇಲ್ಲಿ ಅಂಚಿನಾಗೆ ಒಂದು ಬೆರಳು ಕಾಣ್ತದಲ್ಲ," ಎಂದಳು ಮುದುಕಿ. ಮಗುವಿನ ಮುಷ್ಟಿಯೊಳಗೆ ಯಾರದೋ ದಪ್ಪ ಬೆರಳಿನ ತುದಿ ಇತ್ತು. ಟವೆಲಿನ ಮಡಿಕೆ ಎಂದುಕೊಂಡು ಶ್ರೀದೇವಿ ಅದನ್ನು ಗಮನಿಸಿರಲಿಲ್ಲ.

"ಯಾರದು ಅತ್ತೆ?"

"ನಂದೇ ಕಣಮ್ಮಯ್ಯ."

ಆಮೇಲೆ ಅವಳು ಹೇಳತೊಡಗಿದಳು. ಯಾರೂ ಕೇಳದೆ ನಾಲ್ಕು ವರ್ಷ ಒಳಗಿದ್ದದ್ದು, ಒಮ್ಮೆ ಹೊರಟ ಮೇಲೆ ನಿಲ್ಲಲಿಲ್ಲ.

"ನರ್ಸಮ್ಮ ತಂದು ನನ್ನ ಕೈಗೆ ಕೊಟ್ಳು. ಉಳಿಯಾದು ಕಷ್ಟ, ಎತ್ಕೊಂಡಿರಿ ಅಂದ್ಳು. ಎತ್ಕೊಂಡೆ. ಬಿಸಿಬಿಸಿಯಾಗಿತ್ತು ಪಾಪ. ಒಂದು ಕೋಳಿಯಷ್ಟೂ ಭಾರ ಇರ್ಲಿಲ್ಲ. ಮೂಗು ನೋಡು, ನಿಮ್ಮಮ್ಮನ ಮೂಗು. ಬೆರಳು ಕೊಟ್ಟೆ, ಇಡ್ಕೊಂಡ್ತು. ಎಂಥಾ ಬಿಗಿ ಅಂತೀಯ!"

"ಅತ್ತಿತಾ ಅತ್ತೆ?"

"ಅಳ್ತು. ಬೆಕ್ಕಿನ ಮರಿ ಕೂಗಿದಂಗೆ, ಒಂದೆರಡು ಸಲ. ಒಂದು ಸಲ ಕಣ್ಣೂ ಬಿಟ್ತು. ನಾನು ಏಳ್ದೆ ಅದಕ್ಕೆ. ನಿಮ್ಮಮ್ಮ ಮಲಗವ್ಳೆ, ಎದ್ದೇಳ್ತಾಳೆ, ಒಂದಿಷ್ಟೊತ್ತು ಇರು ಬಂಗಾರ ಅಂತ." ಪಿಳ್ಳಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಇರ್ಲಿಲ್ಲ. ಕೈ ಸಡ್ಲ ಆಯ್ತು. ನಾನು ಆಮ್ಯಾಕೂ ಬೆರಳು ಬಿಡಿಸ್ಕೊಳ್ಲಿಲ್ಲ, ನಿಮ್ಮ ಮಾವ ಬಂದು ಬಿಡಿಸಿದ್ರು."

ಶ್ರೀದೇವಿ ಅತ್ತೆಯ ಮೊಣಕಾಲಿಗೆ ಮುಖವಿಟ್ಟು ಬಿಕ್ಕಿದಳು. ತನ್ನ ಮಗಳು ಯಾರೂ ಇಲ್ಲದ ಕಡೆ, ಯಾವುದೋ ಯಂತ್ರದ ನಡುವೆ ಒಂಟಿಯಾಗಿ ಸತ್ತಳೆಂದೇ ಅವಳು ಇಷ್ಟು ದಿನವೂ ತಿಳಿದಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಎಂಗೆ ಏಳ್ಲಿ? ನೀನು ಇಡ್ಕೊಬೇಕಾದ ಕೂಸ್ನ ನಾನು ಇಡ್ಕೊಂಡಿದ್ದೆ ಅಂತ ಎಂಗೆ ಏಳ್ಲಿ?"

ಸ್ವಲ್ಪ ಸಮಾಧಾನವಾದ ಮೇಲೆ ಶ್ರೀದೇವಿ ಇನ್ನೊಂದು ಮಾತು ಕೇಳಿದಳು. ಮಗುವನ್ನು ಎಲ್ಲಿ ಇಟ್ಟಿದ್ದು? ತಾಯಿ ಮಗ ಇಬ್ಬರೂ ಮುಖ ಮುಖ ನೋಡಿಕೊಂಡರು. ನೀನು ಹೆಂಡತಿಯ ಹತ್ತಿರ ಇರು ಎಂದು ಮಗನನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಚ್ಚಪ್ಪ ಕೂಸನ್ನು ಎತ್ತಿಕೊಂಡು ಊರಿಗೆ ಹೋಗಿದ್ದ. ಬೇತಮಂಗಲದ ಕಡೆಯ ಹಳ್ಳಿಯಲ್ಲಿ ತಮ್ಮನ ಪಾಲಿಗೆ ಹೋದ ಹೊಲ ಇತ್ತು, ಅಲ್ಲೇ ಇರಬೇಕು. ಸರಿಯಾಗಿ ಎಲ್ಲಿ ಎಂದು ಇಬ್ಬರಿಗೂ ತಿಳಿಯದು. ಬಚ್ಚಪ್ಪನ ತಮ್ಮ ರಾಮಚಂದ್ರಪ್ಪನಿಗೆ ಗೊತ್ತಿರಬಹುದು.

ಆ ಭಾನುವಾರ ಗೋಪಿನಾಥ್ ಸ್ಟುಡಿಯೋ ತೆರೆಯಲಿಲ್ಲ. ಮೂವರೂ ಬೇತಮಂಗಲದ ಬಸ್ಸು ಹತ್ತಿದರು. ಪಿಳ್ಳಮ್ಮ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಲು ತಂದಿದ್ದಳು. ಮಣ್ಣು ಮಾಡಿದ ಮೇಲೆ ಹಾಲು ತುಪ್ಪ ಬಿಡುವುದು ರೂಢಿ, ಅವತ್ತಿನ ಗಡಿಬಿಡಿಯಲ್ಲಿ ಅದೂ ಆಗಿರಲಿಲ್ಲ. ಶ್ರೀದೇವಿಯ ಚೀಲದಲ್ಲಿ ಪಟ ಇತ್ತು, ಹಿಂದೆ ಫೋಟೋ ಕಾಗದ ಬರುತ್ತಿದ್ದ ಕಪ್ಪು ಕವರಿನಲ್ಲಿ.

ರಾಮಚಂದ್ರಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಬಂದ ಕಾರಣ ಕೇಳಿ ಕೈಯಲ್ಲಿದ್ದ ಹುಲ್ಲನ್ನು ಹಾಗೇ ಹಿಡಿದು ನಿಂತುಕೊಂಡ. ಆಮೇಲೆ, "ಬನ್ನಿ," ಎಂದು ಮುಂದೆ ನಡೆದ. ಬದುವಿನ ಮೇಲೆ ಸಾಲಾಗಿ ಹೋದರು. ಅರ್ಧ ದಾರಿಗೇ ಎದುರಿಗೆ ಗೋಡೆಯಂತೆ ಮಣ್ಣಿನ ಏರಿ ಕಾಣಿಸಿತು. ಮದ್ರಾಸಿಗೆ ಹೋಗುವ ಹೊಸ ದೊಡ್ಡ ರಸ್ತೆ. ಮೇಲೆ ಲಾರಿಗಳು ಹೋಗುತ್ತಿದ್ದವು.

ಏರಿಯ ಬುಡಕ್ಕೆ ಬಂದು ರಾಮಚಂದ್ರಪ್ಪ ನಿಂತ. "ಇಲ್ಲಿ ಒಂದು ಹೊಂಗೆ ಮರ ಇತ್ತು, ಅತ್ತಿಗೆ. ನೆರಳಾಗಿರಲಿ ಅಂತ ಅಣ್ಣ ಅದರ ಬುಡದಾಗೆ ಜಾಗ ತೋರ್ಸಿದ. ಗುಂಡಿ ನಾನೇ ತೋಡಿದ್ದು." ಅವನು ಕೈಯೆತ್ತಿ ಏರಿಯ ಹೊಟ್ಟೆಯ ಕಡೆ ತೋರಿಸಿದ. "ಈಗ ಅದು ಒಳಗೆ ಓಯ್ತು."

ಶ್ರೀದೇವಿ ಏರಿಯ ಇಳಿಜಾರನ್ನು ನೋಡುತ್ತ ನಿಂತಳು. ಅದಕ್ಕೆ ಹೊದಿಸಿದ ಹುಲ್ಲು ಅಲ್ಲಲ್ಲಿ ಒಣಗಿತ್ತು.

"ನಮಗೊಂದು ಮಾತು ಹೇಳಬಾರದಿತ್ತಾ ಚಿಕ್ಕಪ್ಪ?" ಎಂದ ಗೋಪಿನಾಥ್.

"ಯಾವ ಬಾಯಾಗೆ ಏಳ್ಲಿ ಮಗ? ಅಣ್ಣ ಇರ್ಲಿಲ್ಲ. ಈಯಮ್ಮನ ಮುಂದೆ ಆ ಮಾತು ಎತ್ತಬ್ಯಾಡಿ ಅಂತ ಎಲ್ರೂ ಏಳಿದ್ರು." ಅವನು ಶ್ರೀದೇವಿಯ ಕಡೆ ತಿರುಗಿದ. "ಜೆಸಿಬಿ ಬಂದ ದಿನ ಬೆಳಿಗ್ಗಿಂದ ನಾನು ಇಲ್ಲೇ ನಿಂತಿದ್ದೆ ಕಣಮ್ಮ. ಡ್ರೈವರ್‌ಗೆ ಮೆಲ್ಲಗೆ ತೋಡಪ್ಪ ಅಂತ ಏಳಿದ್ದೆ. ಏನಾರ ಸಿಕ್ಕಿದ್ರೆ ಬ್ಯಾರೆ ಕಡೆ ಇಡಾನ ಅಂತ ಟವೆಲ್ ಇಡ್ಕೊಂಡು ಕಾದೆ. ಒಂದೊಂದು ಬಕೀಟಿನ ಮಣ್ಣೂ ನೋಡ್ದೆ. ಏನೂ ಇರ್ಲಿಲ್ಲಮ್ಮ. ಅಷ್ಟು ಎಳೇದು. ಬರೀ ಮಣ್ಣಾಗೋಗಿತ್ತು."

ಶ್ರೀದೇವಿ ಆ ಮುದುಕನ ಕೈಗಳನ್ನು ನೋಡಿದಳು. ಆ ಕೈಗಳು ಟವೆಲ್ ಹಿಡಿದು ಇಡೀ ದಿನ ಇಲ್ಲಿ ಕಾದಿದ್ದವು. ಮನೆಯಲ್ಲಿ ತಾನು ಮರೆತೆನೆಂದು ಎಲ್ಲರೂ ನೆಮ್ಮದಿಯಾಗಿದ್ದಾರೆ ಎಂದು ತಿಳಿದಿದ್ದಳು. ಇಲ್ಲಿ ಈತ ಮಣ್ಣು ಜರಡಿ ಹಿಡಿದವನಂತೆ ನೋಡುತ್ತ ನಿಂತಿದ್ದ.

"ನೀವು ಮುಖ ನೋಡಿದ್ರಾ ಚಿಕ್ಕಮಾವ?"

"ಇಲ್ಲಮ್ಮ. ಅಣ್ಣ ಬಟ್ಟೆ ಬಿಚ್ಚಲಿಲ್ಲ. ನಾನೂ ಕೇಳ್ಲಿಲ್ಲ."

ಅವಳು ಏರಿಯ ನೆರಳಿಗೆ ಸರಿದು, ಕಪ್ಪು ಕವರಿನಿಂದ ಪಟ ತೆಗೆದು, ತಲೆಯ ಮೇಲೆ ಸೆರಗನ್ನು ಚಪ್ಪರದಂತೆ ಎಳೆದುಕೊಂಡು ಹಿಡಿದಳು. ರಾಮಚಂದ್ರಪ್ಪ ಬಗ್ಗಿ ಸೆರಗಿನಡಿಗೆ ಮುಖ ತಂದು ನೋಡಿದ. "ನಮ್ಮ ಬಚ್ಚಣ್ಣನ ಹುಬ್ಬು ನೋಡು, ಅಂಗೇ ಅದೆ," ಎಂದ. ಮತ್ತೆ ತಾನೇ, "ಮುಚ್ಚಮ್ಮ, ಮುಚ್ಚು. ಬಿಸಿಲು ಬಿದ್ದೀತು," ಎಂದು ಸೆರಗಿನ ಅಂಚನ್ನು ಎಳೆದ.

ಪಿಳ್ಳಮ್ಮ ಹಾಲಿನ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟಳು. "ನೀನೇ ಬಿಡು," ಎಂದಳು. ಎಲ್ಲಿ ಬಿಡಬೇಕೆಂದು ಶ್ರೀದೇವಿಗೆ ತಿಳಿಯಲಿಲ್ಲ. ಏರಿಯ ಬುಡದಲ್ಲಿ ಕೂತು, ಕಲ್ಲುಗಳನ್ನು ಸರಿಸಿ, ಅಂಗೈಯಗಲ ಜಾಗ ಮಾಡಿ ಹಾಲು ಸುರಿದಳು. ಮಣ್ಣು ಒಣಗಿತ್ತು, ಬೇಗನೆ ಕುಡಿಯಿತು. ಗೋಪಿನಾಥ್ ಪಕ್ಕದಲ್ಲಿ ಕೂತು ಉಳಿದ ಹಾಲನ್ನು ತಾನೂ ಸುರಿದ. ಮೇಲೆ ಒಂದು ಲಾರಿ ಹೋಯಿತು, ಏರಿ ಸಣ್ಣಗೆ ಅದುರಿತು.

ರಾಮಚಂದ್ರಪ್ಪನ ಮನೆಯಲ್ಲಿ ಮುದ್ದೆ ಉಂಡೇ ಹೋಗಬೇಕೆಂದು ಹಠ ಹಿಡಿದರು. ಉಂಡು ಬಸ್ಸಿನ ನಿಲ್ದಾಣಕ್ಕೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪಿಳ್ಳಮ್ಮ ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಶ್ರೀದೇವಿ ಅವಳಿಗೆ ಒತ್ತಿಕೊಂಡು ಕೂತು ಅವಳ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಇನ್ನೊಂದು ಸಲ ಹೇಳಿ ಅತ್ತೆ. ನರ್ಸು ತಂದು ಕೊಟ್ಟಲ್ಲಿಂದ."

"ಅದೇ ಏಳಿದ್ನಲ್ಲಮ್ಮ."

"ಇನ್ನೊಂದು ಸಲ."

ಪಿಳ್ಳಮ್ಮ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದಳು. ಬಂಗಾರಪೇಟೆಯ ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಮಾತು ಇನ್ನೂ ಅರ್ಧದಲ್ಲಿತ್ತು. ಗೋಪಿನಾಥ್ ಇಬ್ಬರನ್ನೂ ನೋಡಿ, ನೀವು ಹೋಗಿ ಎಂದು ಕಂಡಕ್ಟರಿಗೆ ಕೈ ಮಾಡಿದ.